ಕುಡಿಕೆಯ ಮುಂದಿನ ಜೀರೋ ಬಲ್ಬು

ನನಗೆ ಮಕ್ಕಳಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ನಾನು ಹೇಳದಿದ್ದರೂ ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಯಾರನ್ನಾದರೂ ಕೇಳಿ, ನನ್ನ ಮನೆ ಯಾವುದು ಅಂತ ತೋರಿಸುವ ಮುಂಚೆ ಈ ವಿಷಯ ತಿಳಿಸುತ್ತಾರೆ. ಇಪ್ಪತ್ತಾರು ವರ್ಷದಿಂದ ತಿಳಿಸುತ್ತಲೇ ಇದ್ದಾರೆ, ಇನ್ನೂ ಅವರಿಗೆ ಬೇಜಾರಾಗಿಲ್ಲ.

ನಾನು ರೇಷ್ಮೆ ಸೀರೆಗಳ ಸೆರಗಿಗೆ ಕುಚ್ಚು ಕಟ್ಟುತ್ತೇನೆ. ನನ್ನ ಗಂಡ ಸರ್ಕಾರಿ ಬಸ್ಸಿನ ಡ್ರೈವರ್. ಸಾಯಂಕಾಲ ಗೋಪಿನಾಥಂ ಕಡೆಗೆ ಹೊರಡುವ ಬಸ್ಸು ಅವರದು. ರಾತ್ರಿ ಅಲ್ಲೇ ಹಾಲ್ಟು, ಬೆಳಿಗ್ಗೆ ವಾಪಸ್ಸು. ಹಾಗಾಗಿ ವಾರದಲ್ಲಿ ಐದಾರು ರಾತ್ರಿ ಮನೆಯಲ್ಲಿ ನಾನೊಬ್ಬಳೇ. ಎರಡು ವರ್ಷದ ಕೆಳಗೆ ಅವರು ಮೈಸೂರಿಗೆ ಹೋದವರು ಒಂದು ಜೊತೆ ಫಿಂಚ್ ಹಕ್ಕಿ ತಂದು ಹಜಾರದಲ್ಲಿಟ್ಟರು. "ಒಬ್ಳೇ ಇರ್ತೀಯ, ಮನೇಲಿ ಸದ್ದಾದ್ರೂ ಇರ್ಲಿ" ಅಂದರು. ಗುಬ್ಬಿಗಿಂತ ಚಿಕ್ಕವು. ಕೆಂಪು ಕೊಕ್ಕು. ಗಂಡಿನ ಕೆನ್ನೆಯ ಮೇಲೆ ಕಿತ್ತಳೆ ಬಣ್ಣದ ಮಚ್ಚೆ. ಇಡೀ ದಿನ ಜಾತ್ರೆಯ ಪೀಪಿ ಊದಿದ ಹಾಗೆ ಕೂಗುತ್ತವೆ. ಅವಕ್ಕೆ ಗೂಡು ಅಂದರೆ ಪಂಜರದ ಮೂಲೆಗೆ ಕಟ್ಟಿದ ಒಂದು ಮಣ್ಣಿನ ಕುಡಿಕೆ. ಒಳಗೆ ಹಾಸಿಕೊಳ್ಳಲು ತೆಂಗಿನ ನಾರು, ತಿನ್ನಲು ನನ್ನ ಗಂಡ ಹನೂರಿನಲ್ಲಿ ಇಳಿದು ತರುವ ನವಣೆ. ನಾನು ಪಂಜರದ ಪಕ್ಕದಲ್ಲೇ ಕೂತು ಕುಚ್ಚು ಕಟ್ಟುತ್ತಿದ್ದೆ. ಹೆಣ್ಣುಹಕ್ಕಿ ಸರಳಿನ ಸಂದಿಯಿಂದ ಕೊಕ್ಕು ಚಾಚಿ ನನ್ನ ರೇಷ್ಮೆ ಎಳೆ ಕದಿಯುತ್ತಿತ್ತು. ಕಾಲಿಗೆ ಸುತ್ತಿಕೊಂಡರೆ ಕಷ್ಟ ಅಂತ ಕಿತ್ತುಕೊಳ್ಳುತ್ತಿದ್ದೆ. ಅದು ಬೈಯುತ್ತಿತ್ತು, ನಾನೂ ಬೈಯುತ್ತಿದ್ದೆ. ಚೆನ್ನಾಗಿದ್ದೆವು.

ಮೊದಲನೇ ಸಲ ಮೂರು ಮರಿಯಾಯಿತು. ಹಕ್ಕಿಗೆ ರಾತ್ರಿ ಕತ್ತಲು ಬೇಕು ಅಂತ ಅಂಗಡಿಯವನು ಹೇಳಿ ಕಳಿಸಿದ್ದ. ಸರಿ, ಎಂಟು ಗಂಟೆಗೆ ಪಂಜರಕ್ಕೆ ಹಳೇ ಸೀರೆ ಹೊದಿಸಿ ಲೈಟು ಆರಿಸುತ್ತಿದ್ದೆ. ಎಷ್ಟು ಕತ್ತಲು ಬೇಕು ಅಂತ ಆ ಪುಣ್ಯಾತ್ಮ ಹೇಳಿರಲಿಲ್ಲ. ಒಂದು ರಾತ್ರಿ ಪಂಜರದ ಮೇಲೆ ಹಲ್ಲಿಯೋ ಇಲಿಯೋ ಓಡಾಡಿರಬೇಕು. ಬೆಳಿಗ್ಗೆ ಸೀರೆ ತೆಗೆದರೆ ತಾಯಿ ಪಂಜರದ ತಳದಲ್ಲಿ ಮುದುಡಿ ಕೂತಿತ್ತು, ಕುಡಿಕೆಯೊಳಗೆ ಮೂರೂ ತಣ್ಣಗಾಗಿದ್ದವು. ತಾಯಿಯೇ ಮರಿಗಳನ್ನು ಬಿಟ್ಟುಬಿಟ್ಟಿತು ಅಂದುಕೊಂಡು ನಾನು ಆ ಹಕ್ಕಿಯ ಮೇಲೆ ಎರಡು ದಿನ ಕೋಪ ಮಾಡಿಕೊಂಡಿದ್ದೆ. ಈಗ ನೆನೆಸಿಕೊಂಡರೆ ನನಗೇ ನಾಚಿಕೆ.

ಅದಾಗಿ ಒಂದು ವಾರಕ್ಕೆ, ಹೊರಗೆ ಕತ್ತಲಾಗಿತ್ತು, ಪಂಜರಕ್ಕೆ ಇನ್ನೂ ಸೀರೆ ಹೊದಿಸಿರಲಿಲ್ಲ, ಇದ್ದಕ್ಕಿದ್ದ ಹಾಗೆ ಕರೆಂಟು ಹೋಯಿತು. ಹೆಣ್ಣುಹಕ್ಕಿ ಬೆದರಿ ಹಾರಿತು. ಸರಳಿಗೆ ಬಡಿದುಕೊಂಡಿತು, ಕೆಳಗೆ ಬಿತ್ತು, ಮತ್ತೆ ಹಾರಿತು. ಕುಡಿಕೆಯ ಬಾಯಿ ಅದರ ಪಕ್ಕದಲ್ಲೇ ಇದ್ದರೂ ಸಿಗುತ್ತಿಲ್ಲ. ಎದುರು ಮನೆಯವರು ಎಮರ್ಜೆನ್ಸಿ ದೀಪ ಹಚ್ಚಿದರು. ಅದರ ಒಂದು ಚೂರು ಬೆಳಕು ನಮ್ಮ ಕಿಟಕಿಯಿಂದ ಬಂದು ಕುಡಿಕೆಯ ಅಂಚಿನ ಮೇಲೆ ಬಿತ್ತು ನೋಡಿ, ಹಕ್ಕಿ ಒಂದೇ ನೆಗೆತಕ್ಕೆ ಒಳಗೆ ಹೋಗಿ ಕೂತಿತು. ನನ್ನ ಕೈಯಲ್ಲಿದ್ದ ಸೆರಗು ಹಾಗೇ ಜಾರಿತು. ಪಾಪ, ಅದು ಮರಿಗಳನ್ನು ಬಿಟ್ಟಿರಲಿಲ್ಲ. ಕತ್ತಲಲ್ಲಿ ಅದಕ್ಕೆ ಮನೆ ಬಾಗಿಲೇ ಕಂಡಿರಲಿಲ್ಲ.

ಮಾರನೇ ದಿನವೇ ಒಂದು ಜೀರೋ ಬಲ್ಬು ತಂದೆ. ಪಂಜರದ ಮೇಲಲ್ಲ, ಎರಡು ಮಾರು ಆಚೆ ಗೋಡೆಗೆ ಹಾಕಿಸಿದೆ. ಬಳೆ ಡಬ್ಬದ ರಟ್ಟು ಕತ್ತರಿಸಿ ಅರ್ಧ ಮರೆ ಮಾಡಿದೆ. ಕುಡಿಕೆಯ ಬಾಯಿ ಕಾಣಬೇಕು, ಆದರೆ ಬೆಳಕು ಒಳಗೆ ನುಗ್ಗಬಾರದು. ಬೆಳಕು ಜಾಸ್ತಿಯಾದರೆ ಈ ಪ್ರಾಣಿಗಳು ಹಗಲು ಅಂದುಕೊಂಡು ಗೂಡು ಬಿಟ್ಟು ಹೊರಗೇ ಕುಣಿಯುತ್ತವೆ, ಅದನ್ನೂ ಒಂದು ರಾತ್ರಿ ನೋಡಿ ತಿಳಿದುಕೊಂಡೆ. ಸಂಜೆ ಮೊದಲು ಜೀರೋ ಬಲ್ಬು ಹಾಕಿ, ಹಕ್ಕಿಗಳು ಒಳಗೆ ಸೇರಿದ್ದು ನೋಡಿ, ಆಮೇಲೆ ಟ್ಯೂಬ್‌ಲೈಟು ಆರಿಸಬೇಕು. ಹಿಂದುಮುಂದಾಗಬಾರದು. ಇದನ್ನೆಲ್ಲ ನನಗೆ ಯಾರೂ ಹೇಳಿಕೊಟ್ಟವರಿಲ್ಲ. ಕಣ್ಣಿಟ್ಟು ನೋಡಿದೆ, ಗೊತ್ತಾಯಿತು. ಮುಂದಿನ ಸಲ ನಾಲ್ಕು ಮರಿಗಳು ಕಣ್ಣುಬಿಡುವ ಹೊತ್ತಿಗೆ ನಾಲ್ಕೂ ಗಟ್ಟಿಯಾಗಿದ್ದವು. ಕುಡಿಕೆಗೆ ಬೆರಳು ಸೋಕಿದರೆ ಸಾಕು, ಸೀ ಅಂತ ನಾಲ್ಕು ಬಾಯಿ ತೆರೆದುಕೊಳ್ಳುತ್ತಿದ್ದವು.

ಆ ಹೊತ್ತಿಗೆ ಸರಿಯಾಗಿ ನನ್ನ ನಾದಿನಿ ಬಂದು ಇಳಿದರು.

ನನ್ನ ಗಂಡನ ಅಕ್ಕ ಇವರು. ಮಧುವನಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುವ ಮನೆ. ನಾಲ್ಕು ಮಕ್ಕಳು, ಏಳು ಮೊಮ್ಮಕ್ಕಳು. ಕೊಳ್ಳೇಗಾಲದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಅವರ ಮನೆಯಲ್ಲಿ ಹುಳು ಎದ್ದು ಸೊಪ್ಪು ಮೇಯುವ ಕಾಲ, ಎಲ್ಲೆಲ್ಲೂ ಸುಣ್ಣ, ಬ್ಲೀಚಿಂಗ್ ಪೌಡರು, ಸೊಪ್ಪಿನ ಧೂಳು. ಕಣ್ಣಿಗೆ ಆಗದು ಅಂತ ಹದಿನೈದು ದಿನ ನಮ್ಮಲ್ಲಿರಲು ಬಂದರು. ಬರಲಿ, ತಮ್ಮನ ಮನೆ. ನಾನು ಹೊತ್ತುಹೊತ್ತಿಗೆ ಕಣ್ಣಿಗೆ ಔಷಧಿ ಬಿಟ್ಟೆ, ಮುದ್ದೆ ಮೆತ್ತಗೆ ಮಾಡಿ ಬಡಿಸಿದೆ, ಸ್ನಾನಕ್ಕೆ ನೀರು ಕಾಯಿಸಿ ಕತ್ತಿನಿಂದ ಕೆಳಕ್ಕೆ ಮಾತ್ರ ಹುಯ್ದೆ. ಅವರ ಬಗ್ಗೆ ಬರೆಯುವಾಗ ಈಗಲೂ ನನ್ನ ಕೈ ಬಹುವಚನವೇ ಬರೆಯುತ್ತದೆ. ಅಭ್ಯಾಸ, ಏನು ಮಾಡಲಿ.

ಬಂದ ದಿನ ರಾತ್ರಿಯೇ ಶುರುವಾಯಿತು. ಹಜಾರ ತಂಪು ಅಂತ ಅಲ್ಲೇ ಹಾಸಿಗೆ ಹಾಸಿಸಿಕೊಂಡಿದ್ದರು. ಜೀರೋ ಬಲ್ಬು ನೋಡಿ ಕಪ್ಪು ಕನ್ನಡಕ ಮೇಲೆತ್ತಿದರು.

"ಇದೇನಮ್ಮಿ, ಬಾಣ್ತಿ ಮನೇಲಿ ಸಾವಿನ್ ಮನೆ ದೀಪ ಇಟ್ಟಿದ್ದೀಯೆ?"

"ಅವಕ್ಕೆ ಅಷ್ಟೇ ಸಾಕು ಅಕ್ಕ. ಜಾಸ್ತಿ ಆದ್ರೆ ತಾಯಿ ಗೂಡಲ್ಲಿ ಕೂರಲ್ಲ."

"ನಾಕ್ ಎತ್ತಿವ್ನಿ ಕಣಮ್ಮಿ ನಾನು. ಬಾಣ್ತಿ ಕ್ವಾಣೇಲಿ ದೀಪ ಸಣ್ಣದಾಗ್ಬಾರ್ದು, ಗಾಳಿಗೀಳಿ ಮೆಟ್ಕತದೆ. ಎತ್ತೋಳ್ಗೆ ಗೊತ್ತು. ನಿಂಗೇನ್ ಗೊತ್ತು?"

ನಮ್ಮ ಕಡೆ ಹೆರಿಗೆಯಾದ ಕೋಣೆಯಲ್ಲಿ ರಾತ್ರಿಯೆಲ್ಲ ದೀಪ ಉರಿಯುತ್ತಿರಬೇಕು, ಅದು ನನಗೂ ಗೊತ್ತು. ಹಡೆದವಳಿಗೆ ಗೊತ್ತು, ಹಡೆಯದವಳಿಗೂ ಗೊತ್ತು, ಕಣ್ಣಿದ್ದವರಿಗೆಲ್ಲ ಗೊತ್ತು. ಆದರೆ ಹಕ್ಕಿ ಬಾಣಂತಿಯಲ್ಲ, ಹಕ್ಕಿ. ಇದನ್ನು ಯಾರಿಗೆ ಹೇಳುವುದು? ಮಾರನೇ ದಿನ ಸಾಂಬ್ರಾಣಿ ಹೊಗೆ ಹಿಡಿದುಕೊಂಡು ಪಂಜರದ ಹತ್ತಿರ ಹೊರಟಿದ್ದರು. ಕಣ್ಣಿಗೆ ಹೊಗೆ ಸೋಕಬಾರದು ಅಂತ ಡಾಕ್ಟರು ಹೇಳಿದ್ದಾರೆ ಅಂತ ನೆನಪಿಸಿ ಕೈಯಿಂದ ಕಿತ್ತುಕೊಂಡೆ. ಹಕ್ಕಿಯ ಉಸಿರಿಗಾಗಿ ಕೇಳಿದರೆ ಕೊಡುತ್ತಿರಲಿಲ್ಲ, ಅವರ ಕಣ್ಣಿಗಾಗಿ ಅಂದೆ, ಕೊಟ್ಟರು.

ಅದೇ ರಾತ್ರಿ ನಾನು ಒಳಗೆ ಮಲಗಿದ ಮೇಲೆ, ಬಗ್ಗಬಾರದು, ಭಾರ ಎತ್ತಬಾರದು ಅಂತ ಕಟ್ಟುನಿಟ್ಟು ಮಾಡಿಸಿಕೊಂಡು ಬಂದ ಈ ಹೆಂಗಸು ಸ್ಟೂಲು ಹತ್ತಿದ್ದಾರೆ! ಅಡುಗೆಮನೆಯ ದೊಡ್ಡ ಎಲ್‌ಇಡಿ ಬಲ್ಬು ಬಿಚ್ಚಿ ತಂದು ಪಂಜರದ ನೆತ್ತಿಯ ಮೇಲಿನ ಹೋಲ್ಡರಿಗೆ ಹಾಕಿದ್ದಾರೆ. ಬೆಳಗಿನ ಜಾವ ಎದ್ದು ಬಂದರೆ ಹಜಾರ ಮದುವೆ ಮನೆ. ಗಂಡುಹಕ್ಕಿ ಹಾಡುತ್ತಿದೆ. ಹೆಣ್ಣು ನವಣೆ ಚೆಲ್ಲಾಡುತ್ತಿದೆ, ಕಣ್ಣು ಕೆಂಡ. ಮರಿಗಳು ಕೂಗಿ ಕೂಗಿ ಸೋತು ಒಂದರ ಮೇಲೊಂದು ಬಿದ್ದಿವೆ. ನಮ್ಮ ಬಾಣಂತನದ ಪಂಡಿತರು ಮಾತ್ರ ಬೆಳಕು ಚುಚ್ಚದಿರಲಿ ಅಂತ ಕಪ್ಪು ಕನ್ನಡಕ ಹಾಕಿಕೊಂಡೇ ಗೊರಕೆ ಹೊಡೆಯುತ್ತಿದ್ದಾರೆ. ತಮ್ಮ ಕಣ್ಣಿಗೆ ಆಗದ ಬೆಳಕು ಹಕ್ಕಿಯ ಕಣ್ಣಿಗೆ ಆಗುತ್ತದಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

ಬಲ್ಬು ಬಿಚ್ಚಿದೆ. ಗಂಡ ಬಂದ ಮೇಲೆ ಹೇಳಿದೆ. ಅವರು ತಟ್ಟೆಯ ಮುಂದೆ ಕೂತು, ನನ್ನ ಮುಖ ನೋಡದೆ ಹೇಳಿದ್ದು ಇಷ್ಟು:

"ಅಕ್ಕ ಏಳ್ತಾಳೆ ಅಂದ್ರೆ ಅನುಭವ ಇರ್ತದೆ ಬುಡು. ಇನ್ನೊಂದ್ ಹತ್ತ್ ದಿನ ಇರ್ತಾಳೆ, ಅಷ್ಟಕ್ಕೆ ಯಾಕ್ ರಂಪ?"

ಈ 'ಬುಡು' ಅನ್ನುವ ಮಾತನ್ನು ನಾನು ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ. ಇದೇ ನಾದಿನಿ ಒಮ್ಮೆ ಕಾಮಾಲೆಯಾಗಿ ಮಲಗಿದಾಗ ತಮ್ಮ ಮೂರನೇ ಮಗುವನ್ನು ತಂದು ನನ್ನ ಮಡಿಲಿಗೆ ಹಾಕಿದ್ದರು. ಐದು ತಿಂಗಳು ನನ್ನ ಹತ್ತಿರ ಇತ್ತು. ಅಂಬೆಗಾಲಿಟ್ಟದ್ದು ನನ್ನ ಹಜಾರದಲ್ಲಿ. ಒಂದು ದಿನ ಅದಕ್ಕೆ ಜ್ವರ ಬಂತು. ಸಾಯಂಕಾಲಕ್ಕೆ ಬಂದು ಎತ್ತಿಕೊಂಡು ಹೋದರು. "ಪಾಪ, ಅವಳ್ಗೆ ಗೊತ್ತಾಗಲ್ಲ" ಅಂದರು. ಆಮೇಲೆ ಮಧುವನಹಳ್ಳಿಯಲ್ಲೂ ಅದಕ್ಕೆ ಎಷ್ಟೋ ಸಲ ಜ್ವರ ಬಂತು, ಅಲ್ಲಿಂದ ಯಾರೂ ಎತ್ತಿಕೊಂಡು ಬರಲಿಲ್ಲ. ಆಗಲೂ ನನ್ನ ಗಂಡ 'ಬುಡು' ಅಂದಿದ್ದರು. ನಾನು ಬಿಟ್ಟಿದ್ದೆ.

ಈ ಸಲ ಬಿಡಲಿಲ್ಲ. ಮಧ್ಯಾಹ್ನ ನಾದಿನಿಯನ್ನು ಎದುರಿಗೆ ಕೂರಿಸಿಕೊಂಡು ಒಂದೊಂದೇ ಮಾತು ಬಿಡಿಸಿ ಹೇಳಿದೆ. "ಅಕ್ಕ, ರಾತ್ರಿ ದೊಡ್ಡ ಲೈಟು ಹಾಕಿದ್ರೆ ಮರಿ ಸಾಯ್ತವೆ. ಗೋಡೆ ಮೇಲಿನ ಆ ಚಿಕ್ಕ ಬಲ್ಬು ಒಂದು ಬಿಟ್ಟು ಬೇರೆ ಏನೂ ಬೇಡ. ಅದನ್ನ ಮುಟ್ಟಬೇಡಿ." ತಲೆಯಾಡಿಸಿದರು. ಅಷ್ಟು ಬೇಗ ಒಪ್ಪಿಕೊಂಡದ್ದಕ್ಕೆ ನನಗೆ ಆಶ್ಚರ್ಯವಾಗಬೇಕಿತ್ತು. ನಾನು ದಡ್ಡಿ, ಖುಷಿಪಟ್ಟೆ.

ನಾಲ್ಕು ರಾತ್ರಿ ಏನೂ ಆಗಲಿಲ್ಲ. ಹೆಣ್ಣುಹಕ್ಕಿ ಮತ್ತೆ ಗೂಡಿನಲ್ಲಿ ನೆಟ್ಟಗೆ ಕೂರತೊಡಗಿತು. ಮರಿಗಳ ರೆಕ್ಕೆಯ ಮೇಲೆ ಮುಳ್ಳಿನ ಹಾಗೆ ಗರಿಯ ಮೊಳಕೆ ಬಂದಿತ್ತು. ಐದನೇ ದಿನ ಬೆಳಿಗ್ಗೆ ಎದ್ದು ಬಂದಾಗ ಹಜಾರ ಕಗ್ಗತ್ತಲು. ಜೀರೋ ಬಲ್ಬು ಆರಿದೆ. ಕಿಟಕಿಗೆ ದುಪ್ಪಟಿ. ಪಂಜರದ ಮೇಲೆ ಎರಡು ಮಡಿಕೆ ಕಂಬಳಿ.

ಕಂಬಳಿ ಎಳೆದು ಹಾಕಿದೆ. ತಾಯಿ ಪಂಜರದ ತಳದಲ್ಲಿತ್ತು, ಒಂದು ರೆಕ್ಕೆ ಜೋಲುಬಿದ್ದಿತ್ತು. ಗಂಡು ಮೂಲೆಯ ಸರಳು ಕಚ್ಚಿಕೊಂಡು ನೇತಾಡುತ್ತಿತ್ತು. ಕುಡಿಕೆಗೆ ಕೈ ಹಾಕಿದೆ. ಒಂದೂ ಬಾಯಿ ತೆರೆಯಲಿಲ್ಲ.

ನಾದಿನಿ ಹಾಸಿಗೆಯಲ್ಲಿ ಎದ್ದು ಕೂತರು.

"ಬೆಳ್ಕು ಆಗಲ್ಲ ಅಂತ ನೀನೇ ಅಂದ್ಯಲ್ಲ ಅಮ್ಮಿ. ಉಳ ಅಣ್ಣಾಗಿ ಚಂದ್ರಿಕೆಗೆ ಬುಟ್ಮೇಲೆ ನಾವು ಲೈಟೇ ಆಕಲ್ಲ. ಕತ್ಲಾದ್ರೇನೆ ಚೆಂದಾಗಿ ಗೂಡ್ ಕಟ್ಟೋದು. ಅದ್ಕೇ ಎಲ್ಲಾನೂ ಮುಚ್ಚಿದೆ."

ಹಣ್ಣಾದ ಹುಳು! ಅದು ಬಾಯಿಂದ ನೂಲು ಬಿಟ್ಟು ಬಿದಿರಿನ ಚಂದ್ರಿಕೆಯ ಮೇಲೆ ತನ್ನ ಸುತ್ತ ತಾನೇ ಗೂಡು ಸುತ್ತಿಕೊಳ್ಳುತ್ತದೆ, ಅದಕ್ಕೆ ಕತ್ತಲು ಬೇಕು, ಸರಿ. ಇದು ಮರಿ ಸಾಕುತ್ತಿರುವ ಹಕ್ಕಿ. ಮೊದಲು ಅದನ್ನು ಬಾಣಂತಿ ಮಾಡಿದರು, ಆಮೇಲೆ ರೇಷ್ಮೆ ಹುಳು ಮಾಡಿದರು. ಪ್ರಪಂಚದಲ್ಲಿ ಸಾಕುವುದು ಅಂದರೆ ಅವರು ಸಾಕಿದ ಎರಡೇ ಬಗೆ, ಮೂರನೆಯದು ಇಲ್ಲ. ಇದ್ದರೂ ಅದು ನನಗೆ ಗೊತ್ತಿರುವುದಕ್ಕೆ ಸಾಧ್ಯವಿಲ್ಲ.

"ರಾತ್ರಿ ಏನಾದ್ರೂ ಸದ್ದಾಯ್ತಾ?" ಅಂತ ಕೇಳಿದೆ.

"ಊಂ, ನಾನ್ ಬಚ್ಚಲ್ಗೆ ಎದ್ದಾಗ ಕತ್ಲಲ್ಲಿ ಪಂಜ್ರದ್ ಸ್ಟ್ಯಾಂಡ್‌ಗೆ ಕಾಲ್ ತಗುಲ್ತು. ಪಟಪಟಾ ಅಂತ ಒಡ್ಕಂಡ್ವು. ಸುಮಾರ್ ಒತ್ತು ಒಡ್ಕಂಡ್ವು. ಆಮೇಲೆ ಸುಮ್ನಾದ್ವು."

ಕೇಳಿಸಿಕೊಂಡಿದ್ದಾರೆ. ಆ ಪ್ರಾಣಿ ತನ್ನ ಮಕ್ಕಳಿರುವ ಬಾಗಿಲು ಹುಡುಕಿ ತಲೆ ಚಚ್ಚಿಕೊಳ್ಳುವುದನ್ನು ಹಾಸಿಗೆಯಲ್ಲಿ ಮಲಗಿ ಸುಮಾರು ಹೊತ್ತು ಕೇಳಿಸಿಕೊಂಡು, ಸುಮ್ಮನಾದವು ಅಂತ ಮಗ್ಗುಲು ಬದಲಿಸಿದ್ದಾರೆ. ಒಂದು ಸ್ವಿಚ್ಚು ಒತ್ತಬೇಕಿತ್ತು, ಇಲ್ಲ, ನನ್ನನ್ನು ಒಂದು ಸಲ ಕೂಗಬೇಕಿತ್ತು. ನಾನು ಒಳಗೆ ಫ್ಯಾನಿನ ಸದ್ದಿನಲ್ಲಿ ಹೆಣದ ಹಾಗೆ ಮಲಗಿದ್ದೆ. ಅದಕ್ಕೆ ನನ್ನ ಮೇಲೂ ನನಗೆ ಕೋಪ ಇದೆ, ಇಲ್ಲ ಅನ್ನುವುದಿಲ್ಲ.

ನಾಲ್ಕನ್ನೂ ಎರಡು ಅಂಗೈ ನಡುವೆ ಮುಚ್ಚಿಕೊಂಡು ಒಲೆಯ ಹತ್ತಿರ ಕೂತೆ. ಬಾಯಿಂದ ಬಿಸಿ ಉಸಿರು ಊದಿದೆ. ಎಷ್ಟು ಹೊತ್ತು ಕೂತಿದ್ದೆನೋ, ಹಾಲಿನವರು ಬಂದು ಕೂಗಿ ಹೋದರು, ಏಳಲಿಲ್ಲ. ಕಡೆಗೆ ಒಂದರ ಕಾಲು ಅಲುಗಿತು. ಆಮೇಲೆ ಇನ್ನೊಂದು ಕತ್ತೆತ್ತಿ ಬಾಯಿ ತೆರೆಯಿತು, ಸದ್ದಿಲ್ಲ, ಬರೀ ಬಾಯಿ. ಮಿಕ್ಕ ಎರಡು ಹಾಗೇ ಇದ್ದವು. ಎಷ್ಟು ಊದಿದರೂ ಹಾಗೇ ಇದ್ದವು.

ನಾದಿನಿ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದರು. ಅವರ ದನಿಯಲ್ಲಿ ಕೆಟ್ಟತನ ಇರಲಿಲ್ಲ, ನಿಜವಾಗಿ ಕನಿಕರವೇ ಇತ್ತು, ಅದನ್ನೇ ನನಗೆ ತಡೆಯಲಾಗಲಿಲ್ಲ.

"ಬುಡವ್ವ, ಋಣ ಇರ್ಲಿಲ್ಲ. ಕೆಲವ್ರ ಕೈಗೆ ಮರಿಮಕ್ಳು ಆಗ್ಬರಕಿಲ್ಲ. ಏನ್ ಮಾಡಕಾಯ್ತದೆ?"

ಬದುಕಿದ ಎರಡನ್ನು ಕುಡಿಕೆಗೆ ಬಿಟ್ಟೆ. ತಾಯಿ ಜೋಲು ರೆಕ್ಕೆಯಲ್ಲೇ ಹತ್ತಿ ಹೋಗಿ ಒಳಗೆ ಕೂತದ್ದನ್ನು ಖಾತ್ರಿ ಮಾಡಿಕೊಂಡೆ. ಸತ್ತ ಎರಡನ್ನು ದಾಸವಾಳದ ಗಿಡದ ಬುಡದಲ್ಲಿ ಹೂತು ಕೈ ತೊಳೆದು ಬಂದೆ. ಬಂದು ನಾದಿನಿಯ ಸೀರೆ ಮಡಿಸಿ ಬ್ಯಾಗಿಗೆ ತುಂಬಿದೆ. ಕಣ್ಣಿನ ಔಷಧಿ, ಹತ್ತಿ, ಆಸ್ಪತ್ರೆಯ ಚೀಟಿ ಒಂದು ಕವರಿಗೆ ಹಾಕಿದೆ. ಯಾವ ಹೊತ್ತಿಗೆ ಯಾವ ಹನಿ ಅಂತ ಅವರ ಮಗನಿಗೆ ಫೋನು ಮಾಡಿ ಹೇಳಿದೆ.

"ಏನಮ್ಮಿ ಮಾಡ್ತಿದ್ದೀಯೆ?"

"ನಿಮ್ಮ ಮನೆಗೆ ಕಳಿಸ್ತಿದ್ದೀನಿ ಅಕ್ಕ."

"ನಮ್ಮನೇಲಿ ಧೂಳು..."

"ಕನ್ನಡಕ ತೆಗೀಬೇಡಿ."

ಗಂಡನ ಅಕ್ಕನಿಗೆ ಹೀಗೆ ಮಾತಾಡಿದ ಹೆಂಗಸು ನಮ್ಮ ಕುಲದಲ್ಲಿ ಇನ್ನೊಬ್ಬಳಿಲ್ಲ. ಆಟೋ ಕರೆದು, ಬಸ್‌ಸ್ಟ್ಯಾಂಡಿಗೆ ಹೋಗಿ, ಹನೂರಿನ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದು ಕೂರಿಸಿದೆ. ಮಧುವನಹಳ್ಳಿಯಲ್ಲಿ ಜೋಪಾನವಾಗಿ ಇಳಿಸಿ ಅಂತ ಕಂಡಕ್ಟರಿಗೆ ಹೇಳಿದೆ. ಬಸ್ಸು ಹೊರಡುವ ಮುಂಚೆಯೇ ಅವರು ಪಕ್ಕದ ಸೀಟಿನವರಿಗೆ ನನ್ನ ಕಥೆ ಶುರು ಮಾಡಿದ್ದರು. ಯಾವ ಸಾಲಿನಿಂದ ಶುರು ಮಾಡಿರುತ್ತಾರೆ ಅಂತ ನನಗೆ ಗೊತ್ತು.

ನನ್ನ ಗಂಡ ಬೆಳಿಗ್ಗೆ ಹತ್ತು ಗಂಟೆಗೆ ಬರಬೇಕಾದವರು ಹತ್ತೂವರೆಗೆ ಬಂದರು. ವಾಪಸ್ಸು ಬರುವ ದಾರಿಯ ಮಧುವನಹಳ್ಳಿ ಸ್ಟಾಪಿನಲ್ಲಿ ಅಕ್ಕ ಇವರ ಬಸ್ಸಿಗೇ ಕೈ ಅಡ್ಡ ಹಾಕಿ, ಡ್ರೈವರ್ ಕಿಟಕಿಯ ಕೆಳಗೆ ನಿಂತು, ಪ್ಯಾಸೆಂಜರುಗಳೆಲ್ಲ ಕೇಳುವ ಹಾಗೆ ಹೇಳಿದ್ದರಂತೆ. ಇವರ ಮುಖ ಕಪ್ಪಿಟ್ಟಿತ್ತು. ಚಪ್ಪಲಿ ಬಿಡದೆ ಹಜಾರದ ನಡುವೆ ನಿಂತರು. ನಾನು ಗೋಡೆಯ ಜೀರೋ ಬಲ್ಬನ್ನು ಬಿಗಿಯಾಗಿ ತಿರುಗಿಸಿ ಸ್ಟೂಲಿನಿಂದ ಇಳಿಯುತ್ತಿದ್ದೆ.

"ಕಣ್ ಆಪರೇಸನ್ ಆದೋಳ್ನ ಮನೆಯಿಂದ ಓಡುಸ್ಬುಟ್ಟಿದ್ದೀಯಲ್ಲ. ಊರ್ ಜನದ ಮುಂದೆ ನಾನ್ ತಲೆ ಎತ್ಕಂಡ್ ತಿರ್ಗೋದು ಎಂಗೆ? ಯಾತಕ್ಕೆ? ಎರಡ್ ಗುಬ್ಬಿ ಮರಿ ಸತ್ವು ಅಂತ!"

ಬುಡು ಅನ್ನಲಿಲ್ಲ, ಅದೇ ಮೊದಲ ಸಲ. ನಾನು ಸ್ಟೂಲು ಗೋಡೆಗೆ ಸರಿಸಿದೆ. ಕುಡಿಕೆಯೊಳಗೆ ತಾಯಿ ಬಂದಿರಬೇಕು, ಸೀ ಅಂತ ಸಣ್ಣಗೆ ಸದ್ದಾಯಿತು. ಎರಡು ಬಾಯಿಯ ಸದ್ದು. ನಾಲ್ಕು ಬಾಯಿಯ ಸದ್ದು ಹೇಗಿರುತ್ತದೆ ಅಂತ ಆ ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ.

"ಎರಡಲ್ಲ, ನಾಲ್ಕಿದ್ವು ಕಣ್ರಿ," ಅಂದೆ. "ನಾಲ್ಕೂ ಬದುಕ್ತಿದ್ವು."